ಎರವಲು ಕಿಟಕಿ

"ನೋಡಮ್ಮ, ಮರ ಕಾಣ್ತಿದ್ಯಾ? ಎಲೆಯೆಲ್ಲ ಹೇಗೆ ಕೆಂಪಗಾಗಿದೆ ನೋಡು..."

ಫೋನನ್ನು ಕಿಟಕಿಯತ್ತ ಹಿಡಿದು, ಮತ್ತೆ ತನ್ನ ಮುಖದ ಕಡೆ ತಿರುಗಿಸಿಕೊಂಡು ಅವಳು ನಗುತ್ತಿದ್ದಳು. ಆಗ ಎದುರಿನ ಬಾಗಿಲು ಕಿರ್ರೆಂದು ತೆರೆಯಿತು.

ಬಾಗಿಲಲ್ಲಿ ಉದ್ದಕ್ಕೆ ಬೆಳೆದ ಒಬ್ಬ ಯುವಕ. ತಲೆಗೂದಲಿನ ಮೇಲೆ ಹಿಟ್ಟು, ಕೈಯಲ್ಲಿ ಒದ್ದೆಯಾದ ಶೂ. ತನ್ನ ಕೋಣೆಯಲ್ಲಿ, ತನ್ನ ಕುರ್ಚಿಯಲ್ಲಿ, ನೆಲಮಾಳಿಗೆಯ ಹುಡುಗಿ ಆರಾಮಾಗಿ ಕುಳಿತಿರುವುದನ್ನು ಅವನು ಬಾಯಿ ತೆರೆದುಕೊಂಡು ನೋಡಿದ.

ಅಯ್ಯೋ, ಸಿಕ್ಕಿಬಿದ್ದೆ!

ಮುಖದ ನಗು ಮಾತ್ರ ಅಲ್ಲಾಡಲಿಲ್ಲ. ಫೋನಿಗೆ ಕಾಣದ ಕೈಯನ್ನು ಚಾಚಿ ಬೇಡಿಕೊಂಡಳು... ಒಂದೇ ನಿಮಿಷ, ದಮ್ಮಯ್ಯ, ಮಾತಾಡಬೇಡಿ!

ಅವನು ಮಾತಾಡಲಿಲ್ಲ. ಒಳಗಿಟ್ಟ ಕಾಲನ್ನೂ ಹಿಂದಕ್ಕೆಳೆಯದೆ ಹಾಗೇ ನಿಂತ. ಆಮೇಲೆ ಮನೆ ಅದುರುವ ಹಾಗೆ ಸೀನಿದ!

"ಯಾರೇ ಅದು?" ಅಮ್ಮನ ಕಿವಿ ಸಮುದ್ರದಾಚೆಗೂ ಚುರುಕು.

"ಪಕ್ಕದ ರೂಮಿನವರಮ್ಮ! ಇಲ್ಲಿ ಗೋಡೆ ತುಂಬ ತೆಳು. ಸರಿ, ಕ್ಲಾಸಿದೆ, ಇಡ್ತೀನಿ!"

ಕರೆ ಕತ್ತರಿಸಿದ ಮೇಲೆ ಅವಳು ತನಗೆ ಬಂದಷ್ಟು ಇಂಗ್ಲಿಷಿನಲ್ಲಿ ಕ್ಷಮೆ ಕೇಳತೊಡಗಿದಳು. ಅರ್ಧ ವಾಕ್ಯಕ್ಕೇ ಅವನು ತಡೆದ.

"ಗೋಡೆ ತೆಳುವಲ್ಲ ರೀ. ನನಗೆ ಹಿಟ್ಟಿನ ಅಲರ್ಜಿ."

ಅವಳು ದಂಗಾದಳು. "ನಿಮಗೆ... ನಮ್ಮ ಭಾಷೆ ಬರುತ್ತಾ?"

"ಬರುತ್ತೆ. ಅದಕ್ಕೇ ಬಾಗಿಲಾಚೆ ಕೇಳಿಸಿದ್ದೆಲ್ಲಾ ತಿಳೀತು. 'ನನ್ನ ರೂಮು ಅರಮನೆ ಇದ್ದ ಹಾಗಿದೆ ಅಮ್ಮ' ಅಂದ್ರಲ್ಲ... ಈ ರೂಮನ್ನ ಇಷ್ಟು ಹೊಗಳಿದವರು ಇನ್ನೊಬ್ಬರಿಲ್ಲ ಬಿಡಿ."

ಅವಳಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಬಿಡಲಿಲ್ಲ. ಬೇಕಾದಾಗ ಅದು ಯಾವತ್ತೂ ಬಾಯಿ ಬಿಡುವುದಿಲ್ಲ.

ಅವಳು ಕಳ್ಳಿಯಲ್ಲ. ಮನೆಯೊಡತಿಯ ಮೆಟ್ಟಿಲು, ಮೊಗಸಾಲೆ, ಬಾಡಿಗೆಯವರ ಕೋಣೆಗಳನ್ನು ಗುಡಿಸಿ ಒರೆಸುವ ಕೆಲಸ ಅವಳದು. ಹಾಗಾಗಿ ಎಲ್ಲ ಕೋಣೆಗಳ ಕೀಲಿಕೈ ಅವಳ ಹತ್ತಿರವಿತ್ತು. ಆ ಕೆಲಸಕ್ಕೆ ಬದಲಾಗಿ ನೆಲಮಾಳಿಗೆಯಲ್ಲಿ ಒಂದು ಕೋಣೆ. ಅದಕ್ಕೆ ಕಿಟಕಿಯಿಲ್ಲ. ತಲೆಯ ಮೇಲೆ ಇಡೀ ಮನೆಯ ಕೊಳವೆಗಳು ಹಾದುಹೋಗುತ್ತಿದ್ದವು. ಮೇಲೆ ಯಾರು ಸ್ನಾನ ಮಾಡಿದರೂ ಅವಳ ಮಂಚದ ಮೇಲೆ ಗುಳುಗುಳು ಸದ್ದು.

ಬಂದ ದಿನ ಅಮ್ಮ ಕೇಳಿದ್ದಳು, "ರೂಮಿಗೆ ಕಿಟಕಿ ಇದ್ಯೇನೇ?" ಇದೆ ಅಂದುಬಿಟ್ಟಳು. "ತೋರಿಸು" ಅಂದಳು ಅಮ್ಮ. ಒಂದು ಸುಳ್ಳಿಗೆ ಕಿಟಕಿ ಬೇಕಾಯಿತು. ಮೇಲಿನ ಕೋಣೆಯವನು ಮಧ್ಯಾಹ್ನದ ತನಕ ಬೇಕರಿಯಲ್ಲಿರುತ್ತಾನೆಂದು ಗೊತ್ತಿತ್ತು. ಅಷ್ಟೇ!

"ಅಪ್ಪ ತರಕಾರಿ ಮಂಡಿ ತುಂಬ ಹೇಳ್ಕೊಂಡು ಬಂದಿದಾರೆ," ಎಂದಳು ತಲೆ ತಗ್ಗಿಸಿ. "ನನ್ನ ಮಗಳ ಕಿಟಕೀಲಿ ಮರ ಕಾಣುತ್ತೆ ಅಂತ. ಈಗ ಹೇಗೆ ಇಲ್ಲ ಅನ್ನಲಿ?"

ಅವನು ಶೂ ಕೆಳಗಿಟ್ಟ. ಅವನೂ ಓದಲೆಂದೇ ಈ ದೇಶಕ್ಕೆ ಬಂದವನು. ಓದು ಮುಗಿದಿತ್ತು, ಓದಿಗೆ ತಕ್ಕ ಕೆಲಸ ಸಿಕ್ಕಿರಲಿಲ್ಲ. ಸಿಗುವ ತನಕ ಹಿಟ್ಟು, ಒಲೆ, ಸೀನು.

"ದಿನಾ ಬನ್ನಿ. ಆದ್ರೆ ಕದ್ದು ಬರ್ಬೇಡಿ. ನಾನು ಬರೋದ್ರೊಳಗೆ ಮಾತು ಮುಗೀಲಿಲ್ಲ ಅಂದ್ರೆ, ಹೀಗೇ ಕಂಬದ ಥರ ನಿಂತ್ಕೋತೀನಿ."

ಅವತ್ತಿನಿಂದ ಅವಳ ಮನಸ್ಸಿನಲ್ಲಿ ಅವನ ಹೆಸರು ಕಂಬ.

ಅವಳಿಗೂ ಒಂದು ಅಡ್ಡಹೆಸರಿತ್ತು, ಮೈಕು. ಇಟ್ಟವರು ಅಪ್ಪ. ಅಪ್ಪ ತರಕಾರಿ ಮಂಡಿಯಲ್ಲಿ ಹರಾಜು ಕೂಗುವವರು. ಎಡಗೈಯಿಂದ ಹಲಗೆಗೆ ಬಡಿದು "ಒಂದು ಸಲಾ... ಎರಡು ಸಲಾ..." ಎಂದು ರಾಗವೆಳೆದರೆ ಗೇಟಿನಾಚೆಯ ಲಾರಿಯವರೂ ತಿರುಗಿ ನೋಡುತ್ತಿದ್ದರು. ತೊಟ್ಟಿಲಲ್ಲಿ ಅತ್ತ ಮಗಳ ಗಂಟಲು ಅಪ್ಪನ ಗಂಟಲನ್ನೂ ಮೀರಿಸಿದ್ದಕ್ಕೆ ಆ ಹೆಸರು.

ಅಂಥ ಅಪ್ಪ ಫೋನಿನಲ್ಲಿ ಮಾತ್ರ ಮೂಗ! ಎಷ್ಟೋ ಮನೆಗಳ ಅಪ್ಪಂದಿರ ಹಾಗೆ. "ಊಟ ಆಯ್ತಾ? ಅಮ್ಮಂಗೆ ಕೊಡ್ತೀನಿ." ಮುಗಿಯಿತು. ಮಗಳು ಪರದೇಶ ಸೇರಿದ ಮೇಲೂ ಒಂದು ಪದ ಹೆಚ್ಚಾಗಲಿಲ್ಲ.

ಅಪ್ಪನ ಗಂಟಲು ಕೇಳಿ ಬೆಳೆದದ್ದಕ್ಕೋ ಏನೋ, ಅವಳು ಓದಲು ಆರಿಸಿಕೊಂಡದ್ದು ಸ್ಪೀಚ್ ಥೆರಪಿ. ಕಾಯಿಲೆಯಿಂದ ಮಾತು ಕಳೆದುಕೊಂಡವರಿಗೆ ಮತ್ತೆ ಮಾತು ಕಲಿಸುವ ವಿದ್ಯೆ. ವಾರದ ಅರ್ಧ ಕಾಲೇಜು, ಇನ್ನರ್ಧ ಒಂದು ಕ್ಲಿನಿಕ್ಕಿನಲ್ಲಿ ತರಬೇತಿ.

"ನನ್ನ ಹತ್ತಿರ ಒಬ್ಬರು ಅಜ್ಜಿ ಬರ್ತಾರೆ," ಎಂದಳು ಒಂದು ದಿನ. ಆ ಹೊತ್ತಿಗೆ ಕರೆ ಮುಗಿದ ಮೇಲೂ ಅವನ ಕೋಣೆಯಲ್ಲಿ ಕೂರುವುದು ಅಭ್ಯಾಸವಾಗಿತ್ತು. ಅವನು ಬೇಕರಿಯಿಂದ ತಂದ ಬ್ರೆಡ್ಡಿನ ತುದಿಗಳು, ಇಬ್ಬರಿಗೆ ಟೀ. "ಸ್ವಂತ ಮಗನ ಹೆಸರು ಬಾಯಿಗೆ ಬರಲ್ಲ ಅವರಿಗೆ. ಆದ್ರೆ ವಾರದ ಹೆಸರು ಶುರು ಮಾಡಿಕೊಟ್ರೆ, ಭಾನುವಾರದ ತನಕ ಗಡಗಡ ಹೇಳ್ಬಿಡ್ತಾರೆ!"

"ಅದು ಹೇಗೆ?"

"ಬಾಯಿಪಾಠ ಆದದ್ದು ಬೇರೆ ಕಡೆ ಬಚ್ಚಿಟ್ಟುಕೊಂಡಿರುತ್ತಂತೆ. ಎಲ್ಲರಿಗೂ ಅಲ್ಲ, ಕೆಲವರಿಗೆ."

ಅವನು ಕೇಳುವ ರೀತಿ ಅವಳಿಗೆ ಇಷ್ಟ. ಇಷ್ಟ ಅಂದರೆ... ಬರೀ ಕೇಳುವ ರೀತಿಯೇ? ಅದನ್ನು ಅವಳು ತನಗೆ ತಾನೇ ಹೇಳಿಕೊಂಡಿರಲಿಲ್ಲ. ಆದರೆ ಕೋಣೆ ಗುಡಿಸುವಾಗ ಅವನ ದಿಂಬಿನ ಕವರನ್ನು ಮಾತ್ರ ಎರಡೆರಡು ಸಲ ನೀವಿ ಹಾಕುವುದು ಸುಮ್ಮಸುಮ್ಮನೆ ಆಗುವ ಕೆಲಸವಲ್ಲ!

"ಇಲ್ಲಿ ನಿಮಗೆ ಏನು ಇಷ್ಟ?" ಅವನು ಕೇಳಿದ.

"ಎಲ್ಲಿಗೆ ಹೋಗ್ತೀಯ, ಯಾವಾಗ ಬರ್ತೀಯ, ಯಾಕೆ ಮುಖ ಸಪ್ಪಗಿದೆ... ಯಾರೂ ಕೇಳಲ್ಲ."

"ಕಷ್ಟ ಏನು?"

"ಅದೇ. ಯಾರೂ ಕೇಳಲ್ಲ."

ಅವಳ ದನಿ ಇಳಿಯಿತು. "ಮನೇಲಿ ಬಾಗಿಲು ಅಂದ್ರೆ ಬರೀ ಪರದೆ. ಒಂದು ಸಲ ಒಬ್ಬಳೇ ಅತ್ತುಬಿಡೋಣ ಅಂದ್ರೆ ಜಾಗ ಇಲ್ಲ. ಅತ್ತೆ, ಚಿಕ್ಕಮ್ಮ, ಪಕ್ಕದ್ಮನೆಯವರು, ಎಲ್ಲರೂ ಹಾಜರು. ಇಲ್ಲಿ ಅಳೋಕೆ ಬೇಕಾದಷ್ಟು ಜಾಗ ಇದೆ. ಬಸ್ಸಲ್ಲಿ ಭುಜ ತಾಗಿದ್ರೆ ನೂರು ಸಲ 'ಸಾರಿ' ಅಂತಾರೆ. 'ಊಟ ಆಯ್ತಾ' ಅಂತ ಒಬ್ಬರೂ ಕೇಳಲ್ಲ."

"ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ," ಎಂದ ಅವನು. "ಅಲ್ಲಿದ್ದಾಗ ಇದು ನುಣ್ಣಗೆ ಕಾಣ್ತಿತ್ತು. ಈಗ ಅದು."

ಅವತ್ತೇ ಅವನು ತನ್ನ ಅಜ್ಜಿಯ ವಿಷಯ ಹೇಳಿದ. ಅವನನ್ನು ಸಾಕಿದವಳು ಅಜ್ಜಿ. ಅವನು ಇಲ್ಲಿ ಮೊದಲ ಪರೀಕ್ಷೆ ಬರೆಯುತ್ತಿದ್ದಾಗ ಅಲ್ಲಿ ತೀರಿಕೊಂಡಿದ್ದಳು. ಮನೆಯವರು ಮುಚ್ಚಿಟ್ಟರು. ಓದು ಹಾಳಾಗುತ್ತದಂತೆ!

"ಅಜ್ಜಿಗೆ ಕೊಡಿ ಅಂತ ಪ್ರತಿ ಸಲ ಕೇಳ್ತಿದ್ದೆ. ಮಲಗಿದಾರೆ, ಮಲಗಿದಾರೆ ಅಂತಿದ್ರು. ಪರೀಕ್ಷೇಲಿ ಒಳ್ಳೆ ಅಂಕ ಬಂತು. ಅದನ್ನ ಇವತ್ತಿಗೂ ನೋಡೋಕಾಗಲ್ಲ ನನಗೆ."

ಅವಳು ಅವನ ಕೈ ಹಿಡಿಯಬೇಕೆಂದುಕೊಂಡಳು. ಟೀ ಲೋಟ ಹಿಡಿದುಕೊಂಡಳು.

ಎಲ್ಲ ಸರಿಯಾಗಿತ್ತು. ಒಂದು ದಿನ ಫೋನನ್ನು ಅವನ ಕೋಣೆಯಲ್ಲಿ ಚಾರ್ಜಿಗೆ ಹಾಕಿ, ಮರೆತು, ಕ್ಲಿನಿಕ್ಕಿಗೆ ಓಡುವ ತನಕ!

ಸಂಜೆ ಬಂದಾಗ ಅವನು ಬಾಗಿಲಲ್ಲೇ ಫೋನು ಕೊಟ್ಟ. ಒಳಗೆ ಬನ್ನಿ ಅನ್ನಲಿಲ್ಲ.

"ನಿಮ್ಮಮ್ಮ ಕಾಲ್ ಮಾಡಿದ್ರು. ಬಿಡದೆ ಹೊಡ್ಕೊಳ್ತಿತ್ತು, ಅದಕ್ಕೆ ಎತ್ತಿದೆ."

"ಅಯ್ಯೋ! ನಿಮ್ಮನ್ನ ನೋಡಿದ್ರಾ?"

"ಇಲ್ಲ, ಬರೀ ಧ್ವನಿ. ನೀವು ಕ್ಲಿನಿಕ್ಕಿಗೆ ಹೋಗಿದೀರಿ ಅಂದೆ. ಏನೂ ವಿಶೇಷ ಇಲ್ವಂತೆ... ಸುಮ್ಮನೆ ಮಾಡಿದ್ದಂತೆ."

ಅವನು ಅವಳ ಮುಖ ನೋಡಲಿಲ್ಲ. ಅವಳು ಮನೆಗೆ ಕರೆ ಮಾಡಿದರೆ ಅಮ್ಮನೂ ಅದನ್ನೇ ಹೇಳಿದಳು. ಏನಿಲ್ಲ ಕಣೇ, ಸುಮ್ಮನೆ ಮಾಡ್ದೆ.

ಅಂದಿನಿಂದ ಟೀ ನಿಂತಿತು. ಅವನು ಅವಳ ಕರೆಯ ಹೊತ್ತಿಗೆ ಹೊರಗೇ ಇರುತ್ತಿದ್ದ. ಇದ್ದರೂ ಬಾಗಿಲ ಹತ್ತಿರ ನಿಂತು, ಉಗುಳಲೂ ಆಗದ ನುಂಗಲೂ ಆಗದ ತುತ್ತು ಬಾಯಲ್ಲಿಟ್ಟುಕೊಂಡವನ ಹಾಗೆ ನೋಡುತ್ತಿದ್ದ.

ನಾನೇನು ತಪ್ಪು ಮಾಡಿದೆ? ಅಮ್ಮ ಏನಾದರೂ ಅಂದಳಾ? ಅಥವಾ... ನನ್ನ ಮನಸ್ಸು ಅವನಿಗೆ ಗೊತ್ತಾಗಿ, ಬೇಡವಾಯಿತಾ?

ನೆಲಮಾಳಿಗೆಯ ಮಂಚದ ಮೇಲೆ ಬಿದ್ದುಕೊಂಡು ಅವಳು ಕೊಳವೆಗಳ ಗುಳುಗುಳು ಕೇಳುತ್ತಿದ್ದಳು. ಅಳಲು ಜಾಗವಿತ್ತು, ಅತ್ತಳು.

ಒಂದು ದಿನ ಕರೆ ಮುಗಿದಾಗ ಅವನೇ ಬಾಯಿ ಬಿಟ್ಟ.

"ಅಪ್ಪನ ಜೊತೆ ಸ್ವಲ್ಪ ಹೆಚ್ಚು ಮಾತಾಡಿ."

"ಅವರು ಫೋನಲ್ಲಿ ಮಾತಾಡೋರೇ ಅಲ್ಲ. ಹೇಳಿದ್ನಲ್ಲ?"

"ಆದ್ರೂ... ಮುಖ ನೋಡ್ಕೊಂಡು ಮಾತಾಡಿ."

"ನಮ್ಮಪ್ಪನ ಹತ್ತಿರ ಹೇಗೆ ಮಾತಾಡ್ಬೇಕು ಅಂತ ನೀವು ಹೇಳಿಕೊಡ್ತೀರಾ?" ಅವಳಿಗೆ ಸಿಟ್ಟು ನೆತ್ತಿಗೇರಿತು. "ನನ್ನ ಹತ್ತಿರ ಎರಡು ಮಾತಾಡೋಕೆ ನಿಮಗೇ ಪುರಸೊತ್ತಿಲ್ಲ!"

ಧಡಧಡ ಮೆಟ್ಟಿಲಿಳಿದು ಹೋದಳು.

ಅಪ್ಪ ಚೆನ್ನಾಗಿಯೇ ಇದ್ದರಲ್ಲ! ಅಮ್ಮ ಈಗೀಗ ಯಾವಾಗಲೂ ಅಡುಗೆಮನೆಯ ಗೋಡೆಗೆ ಒರಗಿ ಕೂತು ಮಾತಾಡುತ್ತಿದ್ದಳು. ನಡುವೆ ಒಂದು ಸಲ ಫೋನನ್ನು ಅಪ್ಪನ ಕಡೆ ತಿರುಗಿಸುತ್ತಿದ್ದಳು. ಅಪ್ಪ ಬಾಯಿಗೆ ಅಡ್ಡಲಾಗಿ ಟವೆಲ್ ಸುತ್ತಿಕೊಂಡು ಎಡಗೈ ಬೀಸುತ್ತಿದ್ದರು. ಹಲ್ಲುನೋವಂತೆ. "ಅಪ್ಪ ಕೇಳ್ತಿದಾರೆ ಕಣೇ, ಊಟ ಆಯ್ತಾ ಅಂತ," ಎನ್ನುತ್ತಿದ್ದಳು ಅಮ್ಮ. ಆಯ್ತಪ್ಪ, ಎನ್ನುತ್ತಿದ್ದಳು ಇವಳು.

ಪರೀಕ್ಷೆಗೆ ಇನ್ನೇನು ಎರಡು ದಿನ ಅನ್ನುವಾಗ ನೆಲಮಾಳಿಗೆಯ ಬಾಗಿಲು ಯಾರೋ ತಟ್ಟಿದರು. ಕಂಬ. ತಲೆ ಬಾಗಿಲಿಗೆ ತಾಗದ ಹಾಗೆ ಬಗ್ಗಿ ನಿಂತಿದ್ದ.

"ನಾನು ಆಣೆ ಮುರಿಯೋಕೆ ಬಂದಿದೀನಿ," ಎಂದ. "ನಿಮ್ಮಪ್ಪಂಗೆ ಲಕ್ವ ಹೊಡೆದಿದೆ. ಬಲಗೈ ಏಳಲ್ಲ. ಮಾತು... ಮಾತು ಹೋಗಿದೆ."

ಅವಳು ಕಣ್ಣು ಪಿಳಿಪಿಳಿ ಬಿಟ್ಟಳು.

"ಜೀವಕ್ಕೇನೂ ಭಯ ಇಲ್ಲ ಅಂದಿದಾರಂತೆ ಡಾಕ್ಟ್ರು. ಮನೇಲೇ ಇದಾರೆ."

"ಯಾವಾಗ?"

"ನೀವು ಫೋನ್ ಮರೆತು ಹೋದ್ರಲ್ಲ... ಅವತ್ತು. ಆಸ್ಪತ್ರೆಯಿಂದಲೇ ಮಾಡಿದ್ರು ನಿಮ್ಮಮ್ಮ. ನಾನು ಹಲೋ ಅಂದದ್ದೂ ಕೇಳಿಸ್ದೆ ಎಲ್ಲಾ ಹೇಳ್ಕೊಂಡು ಅತ್ತುಬಿಟ್ರು. ಆಮೇಲೆ ನಾನು ಯಾರು ಅಂತ ಗೊತ್ತಾಗಿ... ಪರೀಕ್ಷೆ ಮುಗಿಯೋ ತನಕ ಅವಳಿಗೆ ಹೇಳ್ಬೇಡಪ್ಪ, ನನ್ನಾಣೆ ಅಂದ್ರು."

"ಇಷ್ಟು ದಿನ..." ಅವಳು ಒಂದು ಹೆಜ್ಜೆ ಹಿಂದಕ್ಕೆ ಸರಿದಳು. "ಇಷ್ಟು ದಿನ ನೀವು ಗೊತ್ತಿದ್ದೂ ಸುಮ್ಮನಿದ್ರಾ? ನಾನು ಮರ ತೋರಿಸ್ತಾ, ನಗ್ತಾ ಇದ್ದೆ... ನೀವು ನೋಡ್ತಾ ನಿಂತಿದ್ರಿ! ಅಜ್ಜಿ ವಿಷಯದಲ್ಲಿ ನಿಮಗೆ ಹಾಗಾದ ಮೇಲೂ!"

"ಅದಕ್ಕೇ ತಡೆಯೋಕಾಗ್ಲಿಲ್ಲ. ತಡ ಮಾಡಿದೆ, ತಪ್ಪು ನಂದೇ."

"ಹೋಗಿ ಇಲ್ಲಿಂದ."

"ಒಂದು ಮಾತು..."

"ಹೋಗಿ ಅಂದೆ!"

ಅವನು ಹೋದ. ಅವಳು ಬಾಗಿಲಿಗೆ ಒರಗಿ ಕುಸಿದಳು.

ಅವನನ್ನು ಬೈಯುವುದು ಸುಲಭವಾಗಿತ್ತು. ಆದರೆ ಆ ಟವೆಲ್? ಒಂದೇ ಕೈ ಬೀಸುತ್ತಿದ್ದದ್ದು? ಕ್ಲಿನಿಕ್ಕಿನಲ್ಲಿ ಯಾರ ತುಟಿ ಯಾವ ಕಡೆ ಎಳೆದಿದೆ ಎಂದು ದೂರದಿಂದಲೇ ಹೇಳುವವಳಿಗೆ ಸ್ವಂತ ಅಪ್ಪನ ಮುಖ ಕಾಣಲಿಲ್ಲವೇ? ಅಪ್ಪ ಮೊದಲಿನಿಂದಲೂ ಮಾತಾಡದವರು ಅಂತ, ಮಾತು ಹೋದದ್ದೇ ತಿಳಿಯಲಿಲ್ಲವೇ?

ಅಪ್ಪಾ... ಅಪ್ಪಾ...

ಅತ್ತು ಅತ್ತು ಸಾಕಾದಾಗ ಅವಳಿಗೆ ಇನ್ನೊಂದು ವಿಷಯ ಹೊಳೆಯಿತು, ಅದು ಇನ್ನೂ ಹೆಚ್ಚು ಚುಚ್ಚಿತು. ಮಗಳು ಎರವಲು ಕಿಟಕಿ ತೋರಿಸಿ ಎಲ್ಲ ಚೆನ್ನಾಗಿದೆ ಅಂದಳು. ತಾಯಿ ಅಡುಗೆಮನೆ ಗೋಡೆ ತೋರಿಸಿ ಎಲ್ಲ ಚೆನ್ನಾಗಿದೆ ಅಂದಳು. ಯಾರು ಯಾರನ್ನು ಬೈಯಬೇಕು?

ಮುಖ ತೊಳೆದು ಬಂದು, ಅದೇ ನೆಲಮಾಳಿಗೆಯಲ್ಲಿ, ಕೊಳವೆಗಳ ಕೆಳಗೆ ಕುಳಿತು, ಫೋನು ಮಾಡಿದಳು.

"ಏನೇ ಇದು ಕತ್ತಲು? ಕಿಟಕಿ ಎಲ್ಲಿ?"

"ಇದೇ ಅಮ್ಮ ನನ್ನ ರೂಮು. ಕಿಟಕಿ ಇಲ್ಲ. ಮೊದಲಿನಿಂದಲೂ ಇರ್ಲಿಲ್ಲ." ಫೋನನ್ನು ನಿಧಾನವಾಗಿ ಸುತ್ತ ತಿರುಗಿಸಿದಳು. ತೇವ ಹಿಡಿದ ಗೋಡೆ, ಹಗ್ಗದ ಮೇಲಿನ ಬಟ್ಟೆ, ಮೂಲೆಯಲ್ಲಿ ಪೊರಕೆ ಬಕೆಟ್ಟು.



"ಗೊತ್ತು ಕಣೇ," ಎಂದಳು ಅಮ್ಮ. "ಆ ಕಿಟಕಿ ಪಕ್ಕ ಗಂಡಸಿನ ಬೆಲ್ಟು ನೇತಾಡ್ತಿತ್ತು. ನಾನೇನು ಕುರುಡೀನಾ?"

"ಮತ್ತೆ ಯಾಕೆ ಕೇಳ್ಲಿಲ್ಲ?"

"ನಗ್ತಾ ಇದ್ಯಲ್ಲ... ನಗ್ಲಿ ಅಂತ."

"ಈಗ ನೀನು ತಿರುಗಿಸಮ್ಮ. ಪೂರ್ತಿ."

ಯಾರು ಹೇಳಿದರು ಎಂದು ಅಮ್ಮ ಕೇಳಲಿಲ್ಲ. ಫೋನು ತಿರುಗಿತು. ನಡುಮನೆಗೆ ಬಂದ ಮಂಚ, ಔಷಧಿಯ ಸಾಲು, ಗೋಡೆಗೆ ಒರಗಿಸಿದ ಊರುಗೋಲು. ಮಂಚದ ಮೇಲೆ ಅಪ್ಪ. ಟವೆಲಿರಲಿಲ್ಲ. ಬಾಯಿ ಒಂದು ಕಡೆ ಜಾರಿತ್ತು. ಮಗಳನ್ನು ಕಂಡು ಮುಖ ಗೋಡೆಯತ್ತ ತಿರುಗಿಸಿಕೊಂಡರು.

"ಅಪ್ಪಾ, ಇಲ್ಲಿ ನೋಡಿ. ನಾನು, ಮೈಕು."

ಅಪ್ಪ ತಿರುಗಿದರು. ತುಟಿ ಒದ್ದಾಡಿತು. "ಊ... ಊ..." ಊಟ ಅನ್ನುವುದಕ್ಕೆ ಇಡೀ ಮೈ ನಡುಗಿತು. ಪದ ಬರಲಿಲ್ಲ. ಕೂಗಿನಿಂದಲೇ ಇಡೀ ಮಂಡಿಯನ್ನು ನಡುಗಿಸಿದ ಮನುಷ್ಯನ ಕಣ್ಣಿಂದ ನೀರು ಇಳಿಯಿತು.

ಅಳಬೇಡ, ಈಗ ಅಳಬೇಡ! ಕ್ಲಿನಿಕ್ಕಿನ ಅಜ್ಜಿ ನೆನಪಾದಳು. ಬಾಯಿಪಾಠ ಆದದ್ದು ಬೇರೆ ಕಡೆ ಬಚ್ಚಿಟ್ಟುಕೊಂಡಿರುತ್ತದೆ...

"ಅಪ್ಪಾ, ಮಾತು ಬೇಡ ಬಿಡಿ. ಮಂಡಿ ತೆರೀರಿ. ಬೆಳಗಿನ ಮೊದಲ ಬುಟ್ಟಿ. ಎಡಗೈ ಎತ್ತಿ. ಹೂಂ, ಬಡೀರಿ ಮಂಚಕ್ಕೆ!"

ಅವಳೂ ತನ್ನ ಮಂಚದ ಹಲಗೆಗೆ ಬಡಿದಳು. ಅಪ್ಪನ ರಾಗದಲ್ಲೇ ಎಳೆದಳು. "ಒಂದು ಸಲಾ..."

ಅಪ್ಪ ಬಡಿದರು. ಏನೂ ಇಲ್ಲ. ಮತ್ತೆ ಬಡಿದರು. ಅವಳು ಬಿಡಲಿಲ್ಲ. "ಒಂದು ಸಲಾ... ಒಂದು..."

"...ಸ... ಸಲಾ."

ಅಮ್ಮ ಕೈಯಲ್ಲಿದ್ದ ಫೋನು ಬೀಳಿಸಿಬಿಟ್ಟಳು!

ಎತ್ತಿಕೊಂಡಾಗ ಅಪ್ಪ ಇನ್ನೂ ಬಡಿಯುತ್ತಿದ್ದರು. ಒಡೆದ ದನಿ, ತೊದಲು, ಆದರೆ ರಾಗ ಅದೇ. "ಎಡ್ಡು... ಸಲಾ." ತಮ್ಮ ದನಿ ತಮಗೇ ಕೇಳಿಸಿ ಅಪ್ಪ ಬೆಚ್ಚಿ ಸುತ್ತ ನೋಡಿದರು. ಯಾರು ಕೂಗಿದ್ದು ಅನ್ನುವ ಹಾಗೆ. ಅಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

"ಪರೀಕ್ಷೆ ಬರೀತೀನಮ್ಮ," ಎಂದಳು ಅವಳು. "ಬರೆದು ಮಾರನೇ ದಿನವೇ ಹೊರಡ್ತೀನಿ. ಇನ್ನು ಮೇಲೆ ಏನೂ ಮುಚ್ಚಿಡ್ಬೇಡ. ನಾನೂ ಇಡಲ್ಲ."

"ಆ ಹುಡುಗನ್ನ ಬೈದ್ಯಾ?" ಅಮ್ಮ ಮೂಗು ಒರೆಸಿಕೊಂಡು ಕೇಳಿದಳು. "ಬೈಬೇಡ ಕಣೇ. ಅವತ್ತೇ ನನ್ನ ನಂಬರು ಬರ್ಕೊಂಡು, ದಿನಾ ಬೇಕರಿಯಿಂದ ನನಗೆ ಫೋನ್ ಮಾಡಿ 'ಹೇಳ್ಬಿಡೀಮ್ಮ, ಹೇಳ್ಬಿಡಿ' ಅಂತ ಗೋಗರೀತಿದ್ದ. ನಾನೇ ಕಲ್ಲು. ಪಾಪ, ಮಾತಿನ ಮಧ್ಯೆ ಎಷ್ಟು ಸೀನ್ತಾನೆ ಅವನು!"

ಫೋನನ್ನು ಹಾಗೇ ಮೇಜಿಗೆ ಒರಗಿಸಿಟ್ಟು ಅವಳು ಎದ್ದು ಓಡಿದಳು. ದೂರ ಹೋಗಬೇಕಾಗಲಿಲ್ಲ. ಅವನು ನೆಲಮಾಳಿಗೆಯ ಮೆಟ್ಟಿಲ ಮೇಲೇ ಕುಳಿತಿದ್ದ. ಮೂಗು ಕೆಂಪಾಗಿತ್ತು.

"ಹಿಟ್ಟಾ?" ಎಂದು ಕೇಳಿದಳು.

"ಅಲ್ಲ."

ಅವಳು ಪಕ್ಕದಲ್ಲಿ ಕುಳಿತಳು. "ನೀವು ಮಾಡಿದ್ದು ಸರಿ ಅಂತ ನಾನು ಹೇಳಲ್ಲ."

"ಹೇಳ್ಬೇಡಿ."

"ಆದ್ರೆ ನೀವು ಬಂದು ಹೇಳದೇ ಇದ್ದಿದ್ರೆ, ನಾನು ಪರೀಕ್ಷೆ ಬರೆದು, ಒಳ್ಳೆ ಅಂಕ ತಗೊಂಡು, ಅದನ್ನ ಜೀವನ ಪೂರ್ತಿ ನೋಡೋಕಾಗ್ದೆ ಇರ್ತಿದ್ದೆ."

ಅವನು ತಲೆಯಾಡಿಸಿದ. ಆಮೇಲೆ ಮೆಲ್ಲಗೆ ಕೇಳಿದ, "ಹೋದ್ರೆ... ವಾಪಸ್ ಬರ್ತೀರಾ?"

"ಗೊತ್ತಿಲ್ಲ. ಅಪ್ಪನ ಮಾತು ಬರೋ ತನಕ ಬರಲ್ಲ."

"ಹಾಗಾದ್ರೆ ನಾನೇ ಬರ್ತೀನಿ. ಬ್ರೆಡ್ಡು ಅಲ್ಲೂ ಸುಡ್ತಾರೆ. ಸೀನು ಎಲ್ಲಿದ್ರೂ ಬರುತ್ತೆ." ಅವನು ಅವಳ ಕಡೆ ತಿರುಗಿದ. "ನನ್ನ ರೂಮಲ್ಲಿ ನೀವಿಲ್ದೆ ಆ ಕಿಟಕಿ ಏನಕ್ಕೂ ಬೇಡ ನನಗೆ. ಇದನ್ನ ಮೊದಲೇ ಹೇಳ್ಬೇಕಿತ್ತು. ಅಪ್ಪನ ವಿಷಯ ಮನಸ್ಸಲ್ಲಿ ಬಚ್ಚಿಟ್ಕೊಂಡು ನಿಮ್ಮ ಮುಖ ನೋಡೋಕೆ ಆಗ್ಲಿಲ್ಲ."

ಈ ಸಲ ಅವಳು ಲೋಟ ಹುಡುಕಲಿಲ್ಲ. ಅವನ ಕೈಯನ್ನೇ ಹಿಡಿದಳು.

"ಬನ್ನಿ. ಅಪ್ಪ ಲೈನಲ್ಲಿದಾರೆ."

ತಲೆ ಬಗ್ಗಿಸಿ ಕಂಬ ಒಳಗೆ ಬಂದು ಕೊಳವೆಗಳ ಕೆಳಗೆ ಕುಳಿತ.

"ರೀ, ಇವನೇ ಆ ಹುಡುಗ," ಎಂದಳು ಅಮ್ಮ.

ಅಪ್ಪ ಫೋನಿನತ್ತ ಬಗ್ಗಿ ಅವನನ್ನು ಮೇಲಿಂದ ಕೆಳಗೆ ನೋಡಿದರು. ಬುಟ್ಟಿಯ ತಳದ ಮಾಲು ಹೇಗಿದೆಯೋ ಎಂದು ನೋಡುವವರ ಹಾಗೆ. ಆಮೇಲೆ ಮಗಳ ಕಣ್ಣು ನೋಡಿದರು, ಅವಳು ಬಿಡದೆ ಹಿಡಿದುಕೊಂಡಿದ್ದ ಆ ಕೈ ನೋಡಿದರು. ಜಾರಿದ ತುಟಿಯಲ್ಲೇ ಎಲ್ಲೋ ಒಂದು ನಗು ಎದ್ದಿತು. ಎಡಗೈ ಮೇಲೆ ಹೋಯಿತು.

"ಒಂ... ದು ಸಲಾ."

ಅಮ್ಮ ಫೋನನ್ನು ಎರಡೂ ಕೈಯಲ್ಲಿ ಹಿಡಿದಳು.

"ಎಡ್ಡು... ಸಲಾ."

ಕೈ ಗಾಳಿಯಲ್ಲೇ ನಿಂತಿತು. ಮೂರನೆಯ ಸಲಕ್ಕೆ ಮುಂಚೆ ಅಪ್ಪ ಯಾವಾಗಲೂ ಹೀಗೆ ಕಾಯುವವರು. ಬೇರೆ ಯಾರಾದರೂ ಕೂಗುವವರಿದ್ದರೆ ಕೂಗಲಿ ಎಂದು. ಅವರ ಕಣ್ಣು ಮಗಳ ಮೇಲಿತ್ತು.

ಅವಳಿಗೆ ನಗುವೂ ಅಳುವೂ ಒಟ್ಟಿಗೆ ಬಂದವು.

"ಮೂರು ಸಲ, ಅಪ್ಪಾ."

ಕೈ ಮಂಚಕ್ಕೆ ಬಡಿಯಿತು. ಅಮ್ಮ ಕಣ್ಣೀರಿನ ನಡುವೆ ಬೈದಳು, "ಇದೊಂದು ಚೆನ್ನಾಗಿ ಬರುತ್ತೆ ನಿಮಗೆ!"

ಕರೆ ಮುಗಿಯಿತು. ಮೇಲೆ ಯಾರೋ ನಲ್ಲಿ ಬಿಟ್ಟರು. ಕೊಳವೆ ಗುಳುಗುಳು ಎಂದಿತು.

"ನನ್ನನ್ನ ಹರಾಜು ಹಾಕಿದ್ರಾ ಈಗ?" ಅವನು ಪಿಸುದನಿಯಲ್ಲಿ ಕೇಳಿದ.

"ಹಾಕಿ ಆಯ್ತು. ನಮ್ಮ ಮಂಡೀಲಿ ವಾಪಸ್ ಇಲ್ಲ."

ಅವನು ಅವಳ ಕೆನ್ನೆಯ ಮೇಲೆ ಒಣಗಿದ್ದ ನೀರನ್ನು ಹೆಬ್ಬೆರಳಿಂದ ಒರೆಸಿದ. ಮೊದಲ ಸಲ ನೀವು ಬಿಟ್ಟು ನೀನು ಅಂದ.

"ಊಟ ಆಯ್ತಾ ನಿಂದು?"



"ಇಲ್ಲ."

"ಬಾ ಮತ್ತೆ."